ನೆಗಡಿ ಬಂತು ಅಂತ ಮೂಗು ಕೊಯ್ಯಬೇಡಿ, ಹಾರ್ಡ್ ಡಿಸ್ಕ್ ಬದಲಾಯಿಸಿ

ನಮಸ್ಕಾರ. ಇವತ್ತು ಬೇರೇನೋ ಮಾತಾಡೋಣ ಅಂತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ವಿಡಿಯೋ ಕೆಳಗೆ ಒಂದು ಕಾಮೆಂಟ್: "ಹತ್ತು ವರ್ಷದ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕೋದು ಅಂದ್ರೆ ಮೂಗಿಗಿಂತ ಮೂಗುತಿ ಭಾರ. ಎಸೆದು ಹೊಸದು ತಗೊಳ್ಳಿ."

ಸ್ವಾಮಿ, ನೆಗಡಿ ಬಂತು ಅಂತ ಯಾರಾದರೂ ಮೂಗು ಕೊಯ್ದುಕೊಳ್ಳುತ್ತಾರಾ?

ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಫೈಲ್‌ಗಳನ್ನೆಲ್ಲ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕ್ ನಿಧಾನ, ಅಷ್ಟೇ. ಅದರ ಬದಲು ಹಾಕೋದೇ ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಫೈಲ್ ಇಟ್ಟುಕೊಳ್ಳುವ ಡಿಸ್ಕ್. ಯಾವ ಭಾಗ ಎಷ್ಟು ದುಡೀತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಸಿಪಿಯು, ಅಂದರೆ ಪ್ರೊಸೆಸರ್, 8 ಪರ್ಸೆಂಟ್‌ನಲ್ಲಿ ಆರಾಮಾಗಿ ಕೂತಿರುತ್ತದೆ. ಪಕ್ಕದಲ್ಲೇ ಡಿಸ್ಕ್ 100 ಪರ್ಸೆಂಟ್! ಏದುಸಿರು ಬಿಡ್ತಿರೋದು ಯಾರು ಅಂತ ಗೊತ್ತಾಯ್ತಲ್ವಾ?

ಅದರ ಪಾಡು ನೋಡಿ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಅದರ ಮೇಲೆ ಆ ಕಡೆ ಈ ಕಡೆ ಓಡಾಡುವ ಒಂದು ಪುಟ್ಟ ಕೈ. ಅಲ್ಲಲ್ಲಿ ಚೆದುರಿರುವ ಸಣ್ಣ ಸಣ್ಣ ಫೈಲ್ ಹುಡುಕುವಾಗ ಸೆಕೆಂಡಿಗೆ ನೂರು ಸಲ ಓದಿದರೆ ಅದೇ ಜಾಸ್ತಿ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಕೈಯೂ ಇಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಅಷ್ಟೇ ಹೊತ್ತಿನಲ್ಲಿ ಸಾವಿರಗಟ್ಟಲೆ ಸಲ ಓದುತ್ತದೆ. ಮೊದಲು ನಾನು ಪವರ್ ಬಟನ್ ಒತ್ತಿ, ಹಲ್ಲುಜ್ಜಿ ಬಂದರೂ ಪರದೆ ಮೇಲೆ ಆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಈಗ ಕುರ್ಚಿ ಎಳೆದು ಕೂರುವುದರೊಳಗೆ ಪಾಸ್‌ವರ್ಡ್ ಕೇಳುತ್ತದೆ.

"ರ‍್ಯಾಮ್ ಹಾಕಿದರೆ ಸಾಕಲ್ವಾ?" ಹಾಕಿ, ಬೇಡ ಅಂದವರು ಯಾರು? ತೆರೆದಿರೋ ಕೆಲಸವನ್ನೆಲ್ಲ ಇಟ್ಟುಕೊಳ್ಳುವ ಜಾಗ ಅದು. 4 ಜಿಬಿ ಇದ್ದರೆ 8 ಮಾಡಿ. ಹಳೇ ತಲೆಮಾರಿನ ಡಿಡಿಆರ್3 ಜಾಗದಲ್ಲಿ ಹೊಸ ತಲೆಮಾರಿನ ಡಿಡಿಆರ್4 ಕೂರುವುದಿಲ್ಲ, ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ನೋಡಿಕೊಂಡು ತಗೊಳ್ಳಿ. ಆದರೆ ಒಂದು ಮಾತು. ರ‍್ಯಾಮ್ ತುಂಬಿದಾಗ ವಿಂಡೋಸ್ ಮಿಕ್ಕಿದ್ದನ್ನು ಎಲ್ಲಿಗೆ ತಳ್ಳುತ್ತದೆ? ಡಿಸ್ಕಿಗೆ! ಬಂದಿರಾ ತಿರುಗಿ ಅಲ್ಲಿಗೇ? ಮೊದಲು ಡಿಸ್ಕ್ ಬದಲಾಯಿಸಿ ಅಂದೆ.

"ಪ್ರೊಸೆಸರ್ ಹಳೇದು ಸಾರ್." ನೀವೇನು ರಾಕೆಟ್ ಹಾರಿಸ್ತೀರಾ? ತೆರೆಯೋದು ಮೂರು ಟ್ಯಾಬ್, ಒಂದು ಎಕ್ಸೆಲ್. ಡಿಸ್ಕ್ ಬದಲಾಯಿಸಿ!

"ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್‌ನಲ್ಲೇ ಮುಗೀತು." ಮುಗೀತು, ಒಪ್ಪಿದೆ. ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿ. ಬರಲ್ವಾ? ಅದಕ್ಕೇ ಒಂದು ವಿಡಿಯೋ ಮಾಡಿದ್ದೀನಿ, ಪುಣ್ಯಾತ್ಮರು ಯಾರೂ ನೋಡಿಲ್ಲ. ನೋಡಿ, ಹಾಗೇ ಆ ಸಬ್‌ಸ್ಕ್ರೈಬ್ ಬಟನ್ ಕೂಡ ಒತ್ತಿ. ಅದಕ್ಕೆ ಎಸ್‌ಎಸ್‌ಡಿ ಬೇಕಾಗಿಲ್ಲ.

ಬಿಚ್ಚೋಕೆ ಭಯ ಅಂತೀರಾ? ಫೈಲ್‌ಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಬ್ಯಾಟರಿ ಕಳಚಿ, ಸ್ಕ್ರೂ ಬಿಚ್ಚಿ, ಹಳೇದನ್ನು ಎಳೆದು ಹೊಸದನ್ನು ತಳ್ಳಿ. ನಾನು ಹಾಕುವಾಗ ಕೊನೆಗೆ ಒಂದು ಸ್ಕ್ರೂ ಉಳಿಯಿತು. ಎಲ್ಲಿಯದು ಅಂತ ಇವತ್ತಿಗೂ ಗೊತ್ತಿಲ್ಲ. ಲ್ಯಾಪ್‌ಟಾಪ್ ಓಡ್ತಾನೇ ಇದೆ. ಈ ವಿಡಿಯೋ ಎಡಿಟ್ ಮಾಡಿದ್ದೂ ಅದರಲ್ಲೇ.

ಕಾಮೆಂಟ್ ಹಾಕಿದ ಸ್ವಾಮಿಗಳೇ, ನಿಮ್ಮದನ್ನ ಎಸೆಯೋದೇ ಆದರೆ ನನ್ನ ಕಡೆ ಎಸೆಯಿರಿ. ಸ್ಕ್ರೂ ರೆಡಿ ಇದೆ.