ನೀಟ್ ಅಂಕ ಎಲ್ಲಿಯವರೆಗೆ ಬೆನ್ನು ಹತ್ತುತ್ತದೆ?

ನಮಸ್ಕಾರ, ಹಾಸನದಿಂದ ಮಾತಾಡುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಎಂಬಿಬಿಎಸ್ ಮೊದಲನೇ ವರ್ಷ. ಕೌನ್ಸೆಲಿಂಗ್‌ನ ಕೊನೇ ಸುತ್ತಿನಲ್ಲಿ, ಇನ್ನೇನು ಆಸೆ ಬಿಟ್ಟ ಮೇಲೆ ಸೀಟು ಸಿಕ್ಕಿತ್ತು. ಹೋದ ವಾರ ಅವಳಮ್ಮ ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು. "ಅಲ್ಲಪ್ಪ, ಇವಳಿಗೆ ನೀಟಲ್ಲಿ ಮಾರ್ಕ್ಸು ಸ್ವಲ್ಪ ಕಮ್ಮಿ ಬಂದಿತ್ತಲ್ಲ, ಮುಂದೆ ಪಿಜಿ ಮಾಡುವಾಗ ಅದನ್ನೂ ನೋಡ್ತಾರಾ?" ಹುಡುಗಿ ಹಿಂದೆ ನಿಂತು ಬೇರೆ ಎಲ್ಲೋ ನೋಡುತ್ತಿದ್ದಳು. ಕ್ಲಾಸಿನಲ್ಲಿ ಯಾರಾದರೂ "ನಿಂದೆಷ್ಟು ಬಂದಿತ್ತು?" ಅಂದರೆ ಮಾತು ತಿರುಗಿಸುತ್ತಾಳಂತೆ.

ಅದೇ ವಾರ ಮೂಡಿಗೆರೆಯಿಂದ ಒಬ್ಬರು ಬರೆದಿದ್ದರು. ಅವರ ಅಕ್ಕನ ಮಗ ಅಮೆರಿಕಾದಲ್ಲಿ ಬೆಳೆದವನು, ಅಲ್ಲೇ ಮೆಡಿಕಲ್ ಓದುತ್ತಿದ್ದಾನೆ. ಅಲ್ಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ ಅವನ ಸ್ಕೋರು ಸುಮಾರಾಗಿ ಬಂದಿತ್ತು. ರೆಸಿಡೆನ್ಸಿಗೆ, ಅಂದರೆ ಅಲ್ಲಿನ ಪಿಜಿಗೆ, ಅರ್ಜಿ ಹಾಕುವಾಗ ಅದು ಅಡ್ಡ ಬರುತ್ತದಾ ಅಂತ ಅವರ ಪ್ರಶ್ನೆ.

ಊರು ಬೇರೆ, ಭಯ ಒಂದೇ. ಉತ್ತರವನ್ನು ವಿಡಿಯೋದ ಕೊನೆಗೆ ಇಟ್ಟುಕೊಳ್ಳುವುದಿಲ್ಲ, ಈಗಲೇ ಹೇಳುತ್ತೇನೆ. ಇಲ್ಲ. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಆದರೆ ಆ 'ಇಲ್ಲ'ದ ಒಳಗೆ ಒಂದು ಸಣ್ಣ 'ಹೌದು' ಇದೆ. ಅದನ್ನು ಹೇಳದೆ ಬಿಟ್ಟರೆ ಮೋಸ ಮಾಡಿದ ಹಾಗೆ.

[ಪರದೆಯ ಮೇಲೆ: ನೀಟ್ ಯುಜಿ 720, ನೀಟ್ ಪಿಜಿ 800]

ಮೊದಲು ನಮ್ಮ ಕಡೆಯದನ್ನು ಬೇಗ ಮುಗಿಸೋಣ. ಎಂಬಿಬಿಎಸ್ ಸೇರಲು ನೀಟ್ ಯುಜಿ, 720 ಅಂಕ. ಆಮೇಲೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದಾದ ಮೇಲೆ ಎಂಡಿ, ಎಂಎಸ್ ಸೇರಲು ನೀಟ್ ಪಿಜಿ. 200 ಪ್ರಶ್ನೆ, 800 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಳೆಯುತ್ತಾರೆ. ಅಮೆರಿಕಾದವರು ರೆಸಿಡೆನ್ಸಿ ಅನ್ನುವುದು ನಮ್ಮ ಈ ಪಿಜಿಗೇ. ನಮ್ಮ ಆಸ್ಪತ್ರೆಗಳಲ್ಲೂ ಪಿಜಿ ಓದುವವರನ್ನು ಜೂನಿಯರ್ ರೆಸಿಡೆಂಟ್ ಅಂತಲೇ ಕರೆಯುತ್ತಾರೆ.

ಈ ಎರಡು ಪರೀಕ್ಷೆಗೆ ಹೆಸರು ಒಂದೇ ಥರ ಇದೆ, ಅಷ್ಟೇ. ಯುಜಿಯನ್ನು ನಡೆಸುವುದು ಎನ್‌ಟಿಎ, ಪಿಜಿಯನ್ನು ನಡೆಸುವುದು ಎನ್‌ಬಿಇಎಂಎಸ್. ಪಿಜಿ ರ‍್ಯಾಂಕ್ ಪಿಜಿ ಪರೀಕ್ಷೆಯ ಅಂಕದ ಮೇಲೆ ಬರುತ್ತದೆ. ಇಬ್ಬರಿಗೆ ಒಂದೇ ಅಂಕ ಬಂದರೆ ಯಾರನ್ನು ಮುಂದಿಡಬೇಕು ಅನ್ನುವುದಕ್ಕೂ ನಿಯಮ ಇದೆ. ಆ ನಿಯಮದಲ್ಲೂ ನೀಟ್ ಯುಜಿಯ ಸುಳಿವಿಲ್ಲ. ಎಐಐಎಂಎಸ್, ಜಿಪ್ಮರ್, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇಂಥ ಕಡೆಗೆ ಐಎನ್‌ಐ-ಸಿಇಟಿ ಅಂತ ಬೇರೆ ಪರೀಕ್ಷೆ ಇದೆ, ವರ್ಷಕ್ಕೆ ಎರಡು ಸಲ. ಅದನ್ನು ಬರೆಯಲು ಎಂಬಿಬಿಎಸ್‌ನಲ್ಲಿ ಒಟ್ಟು 55 ಶೇಕಡಾ ಇರಬೇಕು, ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ 50. ಅಂದರೆ ಕಾಲೇಜಿನಲ್ಲಿ ಬರೆಯುವ ಪರೀಕ್ಷೆಯ ಅಂಕ ಬೇಕಾಗುತ್ತದೆ. ಕಾಲೇಜು ಸೇರುವ ಮೊದಲು ಬರೆದದ್ದು ಬೇಕಾಗುವುದಿಲ್ಲ.

[ದೃಶ್ಯ: ಹಾಸನದ ಎಪಿಎಂಸಿ, ಲಾರಿಯಿಂದ ಮೂಟೆ ಇಳಿಸುತ್ತಿದ್ದಾರೆ]

ಈಗ ಆ ಸಣ್ಣ 'ಹೌದು'. ಇದನ್ನು ನಾನು ಆಲೂಗಡ್ಡೆ ಇಟ್ಟುಕೊಂಡೇ ಹೇಳಬೇಕು. ಹಾಸನದವನು, ಬೇರೆ ದಾರಿ ಇಲ್ಲ.

ಮೇ ತಿಂಗಳು ಬಂದರೆ ನಮ್ಮ ಎಪಿಎಂಸಿಗೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ. ಚಿಕ್ಕಪ್ಪನ ಜೊತೆ ನಾನು ಎಷ್ಟೋ ಸಲ ಹೋಗಿದ್ದೇನೆ. ಅವರು ಮೂಟೆಗೆ ಕೈ ಹಾಕಿ ತಳದಿಂದ ಒಂದು ಗಡ್ಡೆ ತೆಗೆಯುತ್ತಾರೆ. ಮೇಲಿನದನ್ನು ಮುಟ್ಟುವುದೇ ಇಲ್ಲ. ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಕಣ್ಣು ಎಷ್ಟಿವೆ ಅಂತ ತಿರುಗಿಸಿ ಎಣಿಸುತ್ತಾರೆ. ಜೇಬಿನ ಚಾಕು ತೆಗೆದು ಅಡ್ಡಕ್ಕೆ ಕೊಯ್ದು, ಒಳಗೆ ಕಂದು ಕಲೆ ಇದೆಯಾ ಅಂತ ಬಿಸಿಲಿಗೆ ಹಿಡಿಯುತ್ತಾರೆ. ಆ ಹೊತ್ತಿಗೆ ಅವರಿಗೆ ಪ್ರಪಂಚದಲ್ಲಿ ಆ ಗಡ್ಡೆಗಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಚಿಕ್ಕಪ್ಪ ಬೆಳೆ ತುಂಬಿಕೊಂಡು ಮಾರ್ಕೆಟ್ಟಿಗೆ ಹೋಗುತ್ತಾರೆ. ಕೊಳ್ಳುವವನು ಮೂಟೆ ಸುರಿದು ಗಾತ್ರ ನೋಡುತ್ತಾನೆ, ಸಿಪ್ಪೆ ನೋಡುತ್ತಾನೆ, ಕೊಳೆತದ್ದು ಇದೆಯಾ ನೋಡುತ್ತಾನೆ. "ಬಿತ್ತನೆ ಎಲ್ಲಿಂದ ತಂದಿರಿ, ಎಷ್ಟು ಕೊಟ್ಟಿರಿ" ಅಂತ ಒಂದು ದಿನವೂ ಕೇಳಿದ್ದನ್ನು ನಾನು ಕಂಡಿಲ್ಲ. ಅವನಿಗೆ ಅದು ಬೇಕಾಗಿಲ್ಲ.

ಹಾಗಂತ ಬಿತ್ತನೆಗೆ ಬೆಲೆ ಇಲ್ಲವಾ? ಇದೆ. ಗಡ್ಡೆಯಲ್ಲೇ ಅಂಗಮಾರಿ ರೋಗ ಕೂತಿದ್ದರೆ ಹೊಲವೆಲ್ಲ ಹೋಗುತ್ತದೆ. ಒಳ್ಳೆ ಗಡ್ಡೆ ಬಿತ್ತಿದರೂ ಮಳೆ ಹಿಡಿದುಕೊಂಡರೆ, ಹೊತ್ತಿಗೆ ಸರಿಯಾಗಿ ಔಷಧಿ ಹೊಡೆಯದಿದ್ದರೆ ಆಗಲೂ ಹೋಗುತ್ತದೆ. ಬಿತ್ತನೆಯ ಗುಣ ಬೆಳೆಯ ಒಳಗೆ ಸೇರಿಕೊಳ್ಳುತ್ತದೆ. ಚೀಟಿಯಾಗಿ ಮೂಟೆಯ ಮೇಲೆ ಅಂಟಿಕೊಂಡು ಬರುವುದಿಲ್ಲ.

ನೀಟ್ ಅಂಕವೂ ಹಾಗೆಯೇ. ಅದರಿಂದ ಯಾವ ಕಾಲೇಜು ಅಂತ ತೀರ್ಮಾನ ಆಯಿತು. ಸರ್ಕಾರಿ ಸೀಟಾ, ಪ್ರೈವೇಟಾ, ಅಪ್ಪ ಸಾಲ ಮಾಡಬೇಕಾ ಬೇಡವಾ ಅನ್ನುವುದು ತೀರ್ಮಾನ ಆಯಿತು. ನಮ್ಮ ಹಿಮ್ಸ್‌ನಂಥ ಜಿಲ್ಲಾ ಮಟ್ಟದ ಕಾಲೇಜಿನಲ್ಲಿ ಬೆಳಗ್ಗೆ ಓಪಿಡಿ ಮುಂದೆ ನಿಂತು ನೋಡಿ. ಆಲೂರು, ಅರಕಲಗೂಡು, ಬೇಲೂರು ಕಡೆಯಿಂದ ಬಂದ ಜನ ಎಷ್ಟು ಅಂತ. ಅಷ್ಟು ರೋಗಿಗಳನ್ನು ನೋಡಿ ಕಲಿಯುವ ವಿದ್ಯಾರ್ಥಿಯ ಕೈ ಪಳಗುತ್ತದೆ. ಇದೆಲ್ಲ ಒಳಗೆ ಸೇರಿಕೊಳ್ಳುವ ವಿಷಯ. 720ಕ್ಕೆ ಎಷ್ಟು ಬಂತು ಅನ್ನುವ ಆ ಒಂದು ಸಂಖ್ಯೆ ಮಾತ್ರ ಕಾಲೇಜಿನ ಗೇಟಲ್ಲೇ ನಿಲ್ಲುತ್ತದೆ.

ಈಗ ಮೂಡಿಗೆರೆಯವರ ಪ್ರಶ್ನೆ. ಎಂಕ್ಯಾಟ್ ಸ್ಕೋರು 472ರಿಂದ 528ರ ಒಳಗೆ ಇರುತ್ತದೆ. ಈ ಪರೀಕ್ಷೆ ನಡೆಸುವುದು ಅಮೆರಿಕಾದ ಮೆಡಿಕಲ್ ಕಾಲೇಜುಗಳ ಸಂಘ, ಎಎಎಂಸಿ. ರೆಸಿಡೆನ್ಸಿಗೆ ಹೆಚ್ಚಿನವರು ಅರ್ಜಿ ಹಾಕುವ ಇರಾಸ್ ಅನ್ನುವ ಆನ್‌ಲೈನ್ ವ್ಯವಸ್ಥೆ ಇದೆಯಲ್ಲ, ಅದನ್ನು ನಡೆಸುವುದೂ ಇದೇ ಎಎಎಂಸಿ. ಎರಡೂ ಒಬ್ಬರ ಕೈಯಲ್ಲೇ ಇವೆ. ಬೇಕಿದ್ದರೆ ಹಳೇ ಸ್ಕೋರನ್ನು ಅರ್ಜಿಗೆ ಸೇರಿಸುವುದು ಅವರಿಗೆ ಕಷ್ಟವೇ ಅಲ್ಲ. ಆದರೂ ಎಂಕ್ಯಾಟ್ ಆ ಅರ್ಜಿಯ ಭಾಗ ಅಲ್ಲ. ಅಲ್ಲಿ ನೋಡುವುದು ಮೆಡಿಕಲ್ ಕಾಲೇಜಿನಲ್ಲಿ ಏನು ಮಾಡಿದೆ, ವಾರ್ಡುಗಳಲ್ಲಿ ಹೇಗಿದ್ದೆ, ಜೊತೆಗೆ ಕೆಲಸ ಮಾಡಿದ ಡಾಕ್ಟರು ಶಿಫಾರಸು ಪತ್ರದಲ್ಲಿ ಏನು ಬರೆದಿದ್ದಾರೆ, ಯುಎಸ್‌ಎಂಎಲ್‌ಇ ಹೇಗಾಯಿತು, ಸಂದರ್ಶನ ಹೇಗಾಯಿತು ಅನ್ನುವುದನ್ನು.

ಯುಎಸ್‌ಎಂಎಲ್‌ಇ ಅಂದರೆ ಅಲ್ಲಿನ ಲೈಸೆನ್ಸ್ ಪರೀಕ್ಷೆ. ಅದರ ಒಂದನೇ ಹಂತ ಸ್ಟೆಪ್ 1ಕ್ಕೆ ಮೊದಲು ಮೂರಂಕಿಯ ಸ್ಕೋರು ಕೊಡುತ್ತಿದ್ದರು. 2022ರ ಜನವರಿ 26ರಿಂದ ಬರೀ ಪಾಸು ಅಥವಾ ಫೇಲು. ಹಾಗಾಗಿ ಸ್ಕೋರು ಕೊಡುವ ಎರಡನೇ ಹಂತ ಸ್ಟೆಪ್ 2 ಸಿಕೆಗೆ ಈಗ ತೂಕ ಜಾಸ್ತಿ. ಎಂಕ್ಯಾಟ್ ಚೆನ್ನಾಗಿ ಬರೆದವರು ಸರಾಸರಿಯಲ್ಲಿ ಈ ಪರೀಕ್ಷೆಗಳಲ್ಲೂ ಸ್ವಲ್ಪ ಮುಂದೆ ಇರುತ್ತಾರೆ, ಅದು ನಿಜ. ಬಿತ್ತನೆಯ ಮಾತು ಇಲ್ಲೂ ಅನ್ವಯಿಸುತ್ತದೆ. ಆದರೆ ಸರಾಸರಿ ಅನ್ನುವುದು ಗುಂಪಿನ ಲೆಕ್ಕ, ನಿಮ್ಮ ಅಕ್ಕನ ಮಗ ಒಬ್ಬನ ಜಾತಕ ಅಲ್ಲ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಬರುತ್ತದೆ. ಸ್ವಲ್ಪ ಹೊತ್ತು ಕೂತು ಕೇಳಿ.

ಅಮೆರಿಕಾದಲ್ಲಿ ರೆಸಿಡೆನ್ಸಿ ಸೀಟು ಹಂಚುವುದಕ್ಕೆ ಮ್ಯಾಚ್ ಅನ್ನುತ್ತಾರೆ. ಶುರುವಾಗಿದ್ದು 1952ರಲ್ಲಿ. ಅದಕ್ಕೆ ಮೊದಲು ಒಳ್ಳೆ ಹುಡುಗರನ್ನು ಹಿಡಿಯಲು ಆಸ್ಪತ್ರೆಗಳು ಪೈಪೋಟಿಗೆ ಬಿದ್ದಿದ್ದವು. ಓದು ಮುಗಿಯಲು ಎರಡು ವರ್ಷ ಇರುವಾಗಲೇ ಬಂದು ಕೇಳುತ್ತಿದ್ದರು. ಅದಕ್ಕೆ ತಡೆ ಹಾಕಿದ ಮೇಲೆ ಇನ್ನೊಂದು ಕಾಟ ಶುರುವಾಯಿತು. "ಕೆಲವೇ ಗಂಟೆಯಲ್ಲಿ ಹೂಂ ಅನ್ನು, ಇಲ್ಲದಿದ್ದರೆ ಸೀಟು ಬೇರೆಯವರಿಗೆ" ಅನ್ನುವ ಒತ್ತಡ. ಮ್ಯಾಚ್ ಬಂದ ಮೇಲೆ ಸಂದರ್ಶನ ಮುಗಿಸಿ ವಿದ್ಯಾರ್ಥಿ ತನಗೆ ಬೇಕಾದ ಆಸ್ಪತ್ರೆಗಳ ಪಟ್ಟಿ ಕೊಡುತ್ತಾನೆ, ಆಸ್ಪತ್ರೆ ತನಗೆ ಬೇಕಾದವರ ಪಟ್ಟಿ ಕೊಡುತ್ತದೆ. ಜೋಡಿ ಕೂಡಿಸುವುದು ಕಂಪ್ಯೂಟರ್.

1962ರಲ್ಲಿ ಡೇವಿಡ್ ಗೇಲ್, ಲಾಯ್ಡ್ ಶೇಪ್ಲಿ ಅನ್ನುವ ಇಬ್ಬರು ಗಣಿತಜ್ಞರು ಕಾಲೇಜು ಸೀಟು ಹಂಚುವ, ಗಂಡು ಹೆಣ್ಣು ಜೋಡಿ ಮಾಡುವ ಲೆಕ್ಕದ ಬಗ್ಗೆ ಒಂದು ಲೇಖನ ಬರೆದರು. ಮದುವೆ ಆದ ಮೇಲೆ "ಇವಳಿಗಿಂತ ಅವಳೇ ಬೇಕಿತ್ತು" ಅಂತ ಅವನೂ, "ನನಗೂ ಅವನೇ ಬೇಕಿತ್ತು" ಅಂತ ಅವಳೂ ಅನ್ನುವ ಪರಿಸ್ಥಿತಿ ಬರದ ಹಾಗೆ ಜೋಡಿ ಮಾಡಬಹುದಾ? ಮಾಡಬಹುದು ಅಂತ ತೋರಿಸಿದರು. ಆ ಲೇಖನಕ್ಕಿಂತ ಹತ್ತು ವರ್ಷ ಮೊದಲಿನಿಂದಲೇ ಡಾಕ್ಟರುಗಳ ಮ್ಯಾಚ್ ಹೆಚ್ಚುಕಮ್ಮಿ ಅದನ್ನೇ ಮಾಡುತ್ತಿತ್ತು ಅಂತ ಆಮೇಲೆ 1984ರಲ್ಲಿ ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ತೋರಿಸಿಕೊಟ್ಟರು. 2012ರ ಅರ್ಥಶಾಸ್ತ್ರದ ನೊಬೆಲ್ ರಾತ್ ಮತ್ತು ಶೇಪ್ಲಿ ಇಬ್ಬರಿಗೆ ಬಂತು.

ಹೇಗೆ ಕೆಲಸ ಮಾಡುತ್ತದೆ ನೋಡಿ. ಎರಡು ಆಸ್ಪತ್ರೆ, ದೊಡ್ಡದು ಮತ್ತು ಚಿಕ್ಕದು. ಎರಡರಲ್ಲೂ ಒಂದೊಂದೇ ಸೀಟು. ಹಾಸನದ ಹುಡುಗಿ, ಸಕಲೇಶಪುರದ ಹುಡುಗ ಇಬ್ಬರೂ ದೊಡ್ಡದನ್ನೇ ಮೊದಲು ಬರೆದಿದ್ದಾರೆ. ದೊಡ್ಡ ಆಸ್ಪತ್ರೆಗೆ ಹುಡುಗನ ಮೇಲೆ ಒಲವು. ಕಂಪ್ಯೂಟರ್ ಮೊದಲು ಹುಡುಗಿಯ ಪಟ್ಟಿ ತೆಗೆದು ದೊಡ್ಡದರಲ್ಲಿ ಕೂರಿಸುತ್ತದೆ. ಆದರೆ ತಾತ್ಕಾಲಿಕವಾಗಿ. ಬಸ್ಸಿನ ಸೀಟಿಗೆ ಟವಲ್ ಹಾಕಿದ ಹಾಗೆ. ಆಮೇಲೆ ಹುಡುಗನ ಪಟ್ಟಿ ಬರುತ್ತದೆ. ಆಸ್ಪತ್ರೆಗೆ ಅವನೇ ಬೇಕು, ಹಾಗಾಗಿ ಅವನಿಗೆ ಸೀಟು, ಹುಡುಗಿ ಎದ್ದಳು. ಈಗ ಅವಳ ಪಟ್ಟಿಯ ಎರಡನೇ ಹೆಸರು, ಚಿಕ್ಕ ಆಸ್ಪತ್ರೆ. ಅಲ್ಲಿ ಕೂತಳು. ಮುಗಿಯಿತು.

ಹುಡುಗಿ "ದೊಡ್ಡದು ನನಗೆಲ್ಲಿ ಸಿಗುತ್ತೆ" ಅಂತ ಹೆದರಿ ಚಿಕ್ಕದನ್ನೇ ಮೊದಲು ಬರೆದಿದ್ದರೂ ಇದೇ ಸಿಗುತ್ತಿತ್ತು. ಅಂದರೆ ಆಸೆಪಟ್ಟದ್ದನ್ನು ಮೊದಲು ಬರೆದದ್ದರಿಂದ ಅವಳು ಏನೂ ಕಳೆದುಕೊಳ್ಳಲಿಲ್ಲ. ದೊಡ್ಡ ಆಸ್ಪತ್ರೆಗೆ ಅವಳೇ ಇಷ್ಟ ಆಗಿದ್ದರೆ? ಹೆದರಿ ಬರೆದ ಪಟ್ಟಿಯಿಂದ ಕೈಗೆ ಬಂದದ್ದನ್ನು ಬಿಟ್ಟಂತೆ ಆಗುತ್ತಿತ್ತು.

ನಮ್ಮ ರಾಜ್ಯದಲ್ಲಿ ಸೀಟು ಹಂಚುವ ಕೆಇಎಗೆ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಲೆಕ್ಕ ಬೇರೆ, ಇಲ್ಲಿ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರಾಗಿ ಕೊಡುತ್ತಾ ಹೋಗುತ್ತಾರೆ. ಆದರೂ ಕಿವಿಮಾತು ಅದೇ. ನಿಜವಾಗಿ ಬೇಕಾದದ್ದನ್ನೇ ಮೊದಲು ಹಾಕಿ. ಸೈಬರ್ ಸೆಂಟರ್‌ನಲ್ಲಿ ಕೂತು ಪಕ್ಕದವರು ಹೇಳಿದ ಆರ್ಡರ್ ಹಾಕಿ ಆಮೇಲೆ ಅತ್ತವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಎಂಬಿಬಿಎಸ್ ಕಾಲೇಜು ಯಾವುದು ಅನ್ನುವುದು ಪಿಜಿಗೆ ಕೆಲವು ಕಡೆ ಲೆಕ್ಕಕ್ಕೆ ಬರಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಪಿಜಿ ಮೆಡಿಕಲ್ ಸೀಟುಗಳಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಕೂಡದು ಅಂತ ಹೇಳಿತು. ಆದರೆ ಅದೇ ಸಂಸ್ಥೆಯಲ್ಲಿ ಓದಿದವರಿಗೆ ಒಂದು ಮಿತಿಯಲ್ಲಿ ಆದ್ಯತೆ ಕೊಡಬಹುದು ಅಂತಲೂ ಹೇಳಿದೆ. ಇಲ್ಲಿಂದ ಎಂಬಿಬಿಎಸ್ ಮುಗಿಸಿ ಅಮೆರಿಕಾಕ್ಕೆ ಹೋಗುವವರಿಗೆ ಎಂಕ್ಯಾಟ್ ಬೇಡ. ಅವರಿಗೆ ಬೇಕಾದದ್ದು ಯುಎಸ್‌ಎಂಎಲ್‌ಇ ಮತ್ತು ಹೊರದೇಶದಲ್ಲಿ ಓದಿದ ಡಾಕ್ಟರುಗಳಿಗೆ ಅಲ್ಲಿ ಕೊಡುವ ಇಸಿಎಫ್‌ಎಂಜಿ ಪ್ರಮಾಣಪತ್ರ. ನೆಕ್ಸ್ಟ್, ಅಂದರೆ ನ್ಯಾಷನಲ್ ಎಕ್ಸಿಟ್ ಟೆಸ್ಟ್ ಬಗ್ಗೆಯೂ ತುಂಬಾ ಜನ ಕೇಳುತ್ತಾರೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಕಾಯ್ದೆಯಲ್ಲಿ ಅದು ಇದೆ. ಅದು ಬಂದರೂ ಎಂಬಿಬಿಎಸ್ ಕೊನೆಯಲ್ಲಿ ಬರೆಯುವ ಪರೀಕ್ಷೆಯೇ ಆಗಿರುತ್ತದೆ, ನೀಟ್ ಯುಜಿ ಅಂಕ ಅಲ್ಲೂ ಬರುವುದಿಲ್ಲ.

ಇದನ್ನೆಲ್ಲ ಹೇಳಲು ನಿನ್ನೆ ಸಂಜೆ ಆ ಹುಡುಗಿಯ ಮನೆಗೆ ಹೋಗಿದ್ದೆ. ಅವಳು ಹಳೇ ಕ್ಯಾಲೆಂಡರಿನ ಹಿಂದುಗಡೆ ಬ್ರೇಕಿಯಲ್ ಪ್ಲೆಕ್ಸಸ್ ಬರೆಯುತ್ತಾ ಕೂತಿದ್ದಳು. ಕುತ್ತಿಗೆಯಿಂದ ಹೊರಟು ತೋಳಿಗೆ ಹೋಗುವ ನರಗಳ ಜಾಲ. ಐದು ರೂಟು, ಮೂರು ಟ್ರಂಕು, ಆರು ಡಿವಿಷನ್, ಮೂರು ಕಾರ್ಡು, ಐದು ಮುಖ್ಯ ನರ. ಕೆಂಪು, ನೀಲಿ, ಹಸಿರು ಸ್ಕೆಚ್ ಪೆನ್ನು. ಆಗಲೇ ನಾಲ್ಕು ಹಾಳೆ ಮುಗಿಸಿ ನೆಲದ ಮೇಲೆ ಹಾಕಿದ್ದಳು. ಮೊದಲನೇ ಹಾಳೆಯಲ್ಲಿ ಎರಡು ಗೆರೆ ತಪ್ಪಿತ್ತು, ಅದಕ್ಕೆ ಅವಳೇ ಸುತ್ತು ಹಾಕಿದ್ದಳು. ನಾಲ್ಕನೆಯದರಲ್ಲಿ ಒಂದೂ ಸುತ್ತು ಇರಲಿಲ್ಲ.

ನಾನು ಪಿಜಿ, ಮ್ಯಾಚು ಅಂತ ಎಲ್ಲಾ ಹೇಳಿದೆ. ಅವಳಮ್ಮ ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಕೇಳಿ, "ಹಂಗಾದ್ರೆ ಯಾರೂ ಕೇಳಲ್ಲ ತಾನೇ?" ಅಂತ ಇನ್ನೊಂದು ಸಲ ಖಾತ್ರಿ ಮಾಡಿಕೊಂಡರು. "ಯಾರೂ ಕೇಳಲ್ಲ ಅಕ್ಕಾ" ಅಂದೆ.

ಹುಡುಗಿ ತಲೆ ಎತ್ತಿ ನಕ್ಕಳು. "ಅಣ್ಣಾ, ನಾಳೆ ವೈವಾ ಇದೆ. ಅದ್ರಲ್ಲಿ ಇದನ್ನ ಕೇಳ್ತಾರೆ" ಅಂತ ಐದನೇ ಹಾಳೆ ಹರಿದುಕೊಂಡಳು.