ಮೂರು ಫಂಕ್ಷನ್ ಸೇರಿಸೋಕೆ ಕಸ್ಟಮರ್ ಬಂದು ಕೇಳಬೇಕಾ?

ಎಲ್ಲರಿಗೂ ನಮಸ್ಕಾರ. ಆ್ಯಪ್ ಮಾಡಿದವರಿಗೆ ಚಪ್ಪಾಳೆ, ಆಪರೇಟಿಂಗ್ ಸಿಸ್ಟಂ ಮಾಡಿದವರಿಗೆ ಬಗ್ ರಿಪೋರ್ಟ್. ಬೆಂಗಳೂರಲ್ಲಿ ಈ ಎರಡನೇ ಗುಂಪು ಕೂಡ ದೊಡ್ಡದೇ. ಸನ್ ಮೈಕ್ರೋಸಿಸ್ಟಮ್ಸ್‌ನ ಇಂಡಿಯಾ ಎಂಜಿನಿಯರಿಂಗ್ ಸೆಂಟರ್ ಇದ್ದದ್ದು ಇದೇ ಊರಲ್ಲಿ. ಇವತ್ತಿನ ಮಾತು ಆ ಸನ್‌ನವರ ಸೋಲಾರಿಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲಿ ಎಷ್ಟೋ ವರ್ಷ ಇಲ್ಲದೇ ಇದ್ದ ಮೂರು ಪುಟ್ಟ ಫಂಕ್ಷನ್‌ಗಳದ್ದು: ಓಪನ್‌ಪಿಟಿವೈ, ಫೋರ್ಕ್‌ಪಿಟಿವೈ, ಲಾಗಿನ್_ಟಿಟಿವೈ.

ನೀವು ದೂರದ ಮಷೀನಿಗೆ ಎಸ್‌ಎಸ್‌ಎಚ್ ಮಾಡಿ ಲಾಗಿನ್ ಆದಾಗ ಆ ಕಡೆ ನಿಜವಾದ ಟರ್ಮಿನಲ್ ಇರುವುದಿಲ್ಲ. ಸಿಸ್ಟಂನ ಒಳತಿರುಳಾದ ಕರ್ನಲ್, ಟರ್ಮಿನಲ್ ಥರ ನಟಿಸುವ ಒಂದು ಜೋಡಿ (ಸೂಡೋ ಟರ್ಮಿನಲ್) ಮಾಡಿಕೊಡುತ್ತದೆ. ಒಂದು ತುದಿ ಸರ್ವರ್ ಕೈಯಲ್ಲಿ, ಇನ್ನೊಂದು ತುದಿ ನಿಮ್ಮ ಕಮಾಂಡ್ ಓಡಿಸುವ ಶೆಲ್ ಕೈಯಲ್ಲಿ. ಪಾಪ, ಶೆಲ್ ಅದನ್ನೇ ಟರ್ಮಿನಲ್ ಅಂತ ನಂಬಿಕೊಂಡು ಕೂತಿರುತ್ತದೆ. ಈ ಜೋಡಿಯನ್ನು ಒಂದೇ ಏಟಿಗೆ ಮಾಡಿ ಶೆಲ್‌ಗೆ ಅಂಟಿಸಿಕೊಡುವ ಈ ಮೂರು ಫಂಕ್ಷನ್‌ಗಳು ಯೂನಿಕ್ಸ್‌ನ ಬಿಎಸ್‌ಡಿ ಕವಲಿನಿಂದ ಬಂದವು. ಲಿನಕ್ಸ್ ತೆಗೆದುಕೊಂಡಿತು, ಮ್ಯಾಕ್‌ನಲ್ಲೂ ಇವೆ. ಸೋಲಾರಿಸ್ ಯೂನಿಕ್ಸ್‌ನ ಇನ್ನೊಂದು ಕವಲಾದ ಸಿಸ್ಟಂ ಫೈವ್ ಮನೆತನದ್ದು, ಅಲ್ಲಿ ಇರಲಿಲ್ಲ. ಆಮೇಲೆ ಸೇರಿಸಿದರು.

"ಮೂವತ್ತು ಸಾಲಿನ ಕೋಡ್, ಬೇಕಾದವರು ಬರೆದುಕೊಳ್ಳಲಿ" ಅನ್ನುವವರಿದ್ದಾರೆ. ಸರಿ, ಬರೆಯೋಣ. ಮೊದಲು ಜೋಡಿಯ ಒಂದು ತುದಿ ಕೊಡುವ ಪಿಟಿಎಮ್‌ಎಕ್ಸ್ ಡಿವೈಸ್ ತೆರೆಯಬೇಕು. ಆಮೇಲೆ ಇನ್ನೊಂದು ತುದಿಯ ಅನುಮತಿಗೆ ಗ್ರಾಂಟ್‌ಪಿಟಿ, ಬೀಗ ತೆಗೆಯಲು ಅನ್‌ಲಾಕ್‌ಪಿಟಿ. ಪಿಟಿಎಸ್‌ನೇಮ್ ಕರೆದು ಇನ್ನೊಂದು ತುದಿಯ ಹೆಸರು ಕೇಳಿ, ಅದನ್ನೂ ತೆರೆಯಬೇಕು. ಇಷ್ಟಕ್ಕೆ ಮುಗೀತಾ? ಇಲ್ಲ. ಸೋಲಾರಿಸ್‌ನಲ್ಲಿ ಇದು ಸ್ಟ್ರೀಮ್ಸ್ ಮೇಲೆ, ಅಂದರೆ ಮಾಡ್ಯೂಲ್‌ಗಳನ್ನು ಒಂದರ ಮೇಲೊಂದು ಜೋಡಿಸುವ ವ್ಯವಸ್ಥೆಯ ಮೇಲೆ ನಿಂತಿದೆ. ಹಾಗಾಗಿ ಪಿಟೆಮ್, ಎಲ್‌ಡಿಟರ್ಮ್ ಅನ್ನುವ ಮಾಡ್ಯೂಲ್‌ಗಳನ್ನು ನಾವೇ ಅದರೊಳಕ್ಕೆ ತಳ್ಳಬೇಕು. ಎಲ್‌ಡಿಟರ್ಮ್ ಮರೆತರೆ ಬ್ಯಾಕ್‌ಸ್ಪೇಸ್ ಕೆಲಸ ಮಾಡುವುದಿಲ್ಲ, ಕಂಟ್ರೋಲ್-ಸಿ ಒತ್ತಿದರೆ ಪ್ರೋಗ್ರಾಂ ನಿಲ್ಲುವುದಿಲ್ಲ. ಇನ್ನೂ ಒಂದು ಕಿತಾಪತಿ ಇದೆ. ಗ್ರಾಂಟ್‌ಪಿಟಿ ಒಳಗೊಳಗೇ ಇನ್ನೊಂದು ಪ್ರಾಸೆಸ್ ಓಡಿಸಬಹುದು. ತಾನು ಹುಟ್ಟಿಸಿದ ಪ್ರಾಸೆಸ್ ಮುಗಿಯಿತು ಅಂತ ತಿಳಿಸುವ ಸಿಗ್‌ಚೈಲ್ಡ್ ಸಿಗ್ನಲನ್ನು ನಿಮ್ಮ ಪ್ರೋಗ್ರಾಂ ಹಿಡಿಯುತ್ತಿದ್ದರೆ ಅಲ್ಲೇ ಕೈಕೊಡಬಹುದು. ಪೈಥಾನ್‌ನ ಸೋರ್ಸ್ ತೆಗೆದು ನೋಡಿ. ಓಪನ್‌ಪಿಟಿವೈ ಇಲ್ಲದ ಕಡೆಗಾಗಿ ಈ ಪೂರಾ ಕಸರತ್ತು ಅಲ್ಲಿದೆ, ಆ ಸಿಗ್ನಲ್ ಹ್ಯಾಂಡ್ಲರ್ ತೆಗೆದು ಮತ್ತೆ ಹಾಕುವುದೂ ಸೇರಿ.

ಪೈಥಾನ್‌ನವರಿಗೆ ಗೊತ್ತಿತ್ತು, ಸರಿ. ಮಿಕ್ಕವರಿಗೆ? ಕಾವೇರಿ ಪೈಪ್ ಬರದ ಲೇಔಟಲ್ಲಿ ಮನೆಗೊಂದು ಬೋರ್‌ವೆಲ್ ಕೊರೆಸಿದ ಹಾಗೆ, ಪ್ರತಿ ಪ್ರಾಜೆಕ್ಟೂ ತನ್ನ ಪಾಡಿಗೆ ಒಂದೊಂದು ಕಾಪಿ ಬರೆದುಕೊಳ್ಳುತ್ತದೆ.

ಪ್ಲಾನಿಂಗ್ ಮೀಟಿಂಗಲ್ಲಿ ಬರುವ ಪ್ರಶ್ನೆ ಮಾತ್ರ ಒಂದೇ: "ಯಾವ ಕಸ್ಟಮರ್ ಕೇಳಿದ್ದಾರೆ?" ನನಗೆ ಸಿಟ್ಟು ಬರುವುದೇ ಇಲ್ಲಿ. ಯಾವ ಬ್ಯಾಂಕಿನವರೂ ಫೋನ್ ಮಾಡಿ "ನಿಮ್ಮಲ್ಲಿ ಫೋರ್ಕ್‌ಪಿಟಿವೈ ಇಲ್ಲ ಕಣ್ರೀ" ಅನ್ನುವುದಿಲ್ಲ. ಅವರ ಅಡ್ಮಿನ್ ಯಾವುದೋ ಟೂಲ್ ಕಂಪೈಲ್ ಮಾಡಲು ಹೋಗುತ್ತಾನೆ, ಅನ್‌ಡಿಫೈನ್ಡ್ ಸಿಂಬಲ್, ಅಂದರೆ ಆ ಫಂಕ್ಷನ್ ಸಿಗಲಿಲ್ಲ ಅಂತ ಬರುತ್ತದೆ, ಸುಮ್ನೆ ಎದ್ದು ಲಿನಕ್ಸ್ ಮಷೀನಿಗೆ ಹೋಗುತ್ತಾನೆ. ಟಿಕೆಟ್ಟೂ ಇಲ್ಲ, ದೂರೂ ಇಲ್ಲ. ಮೀಟಿಂಗಲ್ಲಿ ಅದಕ್ಕೆ "ಡಿಮ್ಯಾಂಡ್ ಇಲ್ಲ" ಅಂತ ಹೆಸರು!

ಇವು ಅಂಥ ಚೆಂದದ ಇಂಟರ್‌ಫೇಸ್ ಏನಲ್ಲ, ಒಪ್ಪುತ್ತೇನೆ. ಓಪನ್‌ಪಿಟಿವೈಗೆ ಹೆಸರು ತುಂಬಿಸಲು ಬಫರ್ ಕೊಡುತ್ತೀರಿ, ಅದರ ಅಳತೆ ಹೇಳಲು ಜಾಗವೇ ಇಲ್ಲ. ನಲ್ ಕೊಟ್ಟುಬಿಡಿ, ಅದೇ ಕ್ಷೇಮ. ಹೆಡರ್ ಫೈಲ್ ಹೆಸರೂ ಒಂದೊಂದು ಕಡೆ ಒಂದೊಂದು. ಹಾಗಂತ ಇನ್ನೂ ಒಳ್ಳೆಯದು ಬರಲಿ ಅಂತ ಕಾಯುತ್ತಾ ಕೂತರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಟರ್ಮಿನಲ್ ಸೆಟ್ಟಿಂಗ್‌ಗಳ ಇಂಟರ್‌ಫೇಸ್ ಆದ ಟರ್ಮಿಯೋಸ್, ಯೂನಿಕ್ಸ್ ಥರದ ಸಿಸ್ಟಂಗಳ ಸ್ಟ್ಯಾಂಡರ್ಡ್ ಆದ ಪಾಸಿಕ್ಸ್‌ನ 1988ರ ಆವೃತ್ತಿಯಲ್ಲೇ ಇತ್ತು. ಆದರೆ ವಿಂಡೋ ಎಷ್ಟು ಅಗಲ ಅಂತ ಕೇಳುವ ಟಿಸಿಗೆಟ್‌ವಿನ್‌ಸೈಜ್ ಆ ಸ್ಟ್ಯಾಂಡರ್ಡ್‌ಗೆ ಸೇರಿದ್ದು 2024ರಲ್ಲಿ. ವಿಂಡೋಸ್‌ಗೆ ಸರಿಯಾದ ಸೂಡೋ ಕನ್ಸೋಲ್ ಬಂದಿದ್ದೂ 2018ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಏನೇನೋ ಸರ್ಕಸ್ ಮಾಡಿಕೊಂಡೇ ಇದ್ದರು, ಅಲ್ವಾ?

ನೀವು ಇಂಥ ಟೀಮಿನಲ್ಲಿದ್ದರೆ ಕಸ್ಟಮರ್ ಸರ್ವೆ ಬಿಡಿ. ಓಪನ್ ಸೋರ್ಸ್ ಪ್ಯಾಕೇಜ್‌ಗಳನ್ನು ನಿಮ್ಮ ಸಿಸ್ಟಂ ಮೇಲೆ ಬಿಲ್ಡ್ ಮಾಡಲು ನಿಮ್ಮವರೇ ಹಾಕಿರುವ ಪ್ಯಾಚ್‌ಗಳ ಫೋಲ್ಡರ್ ತೆಗೆಯಿರಿ. ಒಂದೇ ಫಂಕ್ಷನ್‌ಗಾಗಿ ಎಷ್ಟು ಪ್ಯಾಚ್ ಇವೆ ಅಂತ ಗ್ರೆಪ್ ಹೊಡೆದು ಹುಡುಕಿ. ಮುಂದಿನ ಮೀಟಿಂಗಿಗೆ ಆ ಪಟ್ಟಿ ತಗೊಂಡು ಹೋಗಿ.