ಕಣ್ಣಂಚಿನ ತಾಮ್ರ

ಶ್ರೋತೃಗಳಿಗೆ ನಮಸ್ಕಾರ.

ಯಾರಾದರೂ ವಿಚಿತ್ರವಾಗಿ ವರ್ತಿಸಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದು ಚೇಷ್ಟೆ ಮಾಡುವುದು ನಮ್ಮ ಕಡೆಯ ಹಳೆಯ ರೂಢಿ. 1845ರಲ್ಲಿ ಇಲ್ಲಿ ಆರಂಭವಾಗಿ, ಇಂದು ಡಿಮ್ಹಾನ್ಸ್ ಎಂದು ಕರೆಸಿಕೊಳ್ಳುವ ಮಾನಸಿಕ ಆಸ್ಪತ್ರೆಯೇ ಆ ಮಾತಿನ ಮೂಲ. ನಡತೆ ಕೆಟ್ಟಿತೆಂದರೆ ಕೆಟ್ಟದ್ದು ಮನಸ್ಸೇ ಎಂಬ ನಂಬಿಕೆ ಆ ಚೇಷ್ಟೆಯಲ್ಲಿ ಅಡಗಿದೆ. ಮಿದುಳಿನ ಅಪರೂಪದ ಕಾಯಿಲೆಗಳನ್ನು ಅಭ್ಯಾಸ ಮಾಡುವ ಸಂಶೋಧನಾ ಘಟಕದ ಕೆಲಸ ಆ ನಂಬಿಕೆಯನ್ನು ಅನುಮಾನಿಸುವುದರಿಂದಲೇ ಶುರುವಾಗುತ್ತದೆ.

1912ರಲ್ಲಿ ಲಂಡನ್ನಿನ ನರರೋಗ ತಜ್ಞ ಕಿನ್ನಿಯರ್ ವಿಲ್ಸನ್ ವಿವರಿಸಿದ, ಅವರ ಹೆಸರನ್ನೇ ಹೊತ್ತ ವಿಲ್ಸನ್ ಕಾಯಿಲೆಯನ್ನೇ ನೋಡಿ. ಪಿತ್ತದೊಡನೆ ಹೊರಹೋಗಬೇಕಾದ ತಾಮ್ರ ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಕೂಡಿಕೊಳ್ಳುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಸಿಡುಕನಾಗುತ್ತಾನೆ, ದುಂಡಗಿದ್ದ ಅಕ್ಷರ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ. ಮನೆಯವರು ವಯಸ್ಸಿನ ಸೊಕ್ಕೆನ್ನುತ್ತಾರೆ, ಇಲ್ಲವೇ ಗಾಳಿ ಸೋಕಿತೆಂದು ತಾಯತ ಕಟ್ಟಿಸುತ್ತಾರೆ. ವೈದ್ಯರೂ ಎಡವುವುದುಂಟು, ಏಕೆಂದರೆ ಇಂಥ ರೋಗಿಗಳು ಒಬ್ಬ ವೈದ್ಯರ ಇಡೀ ವೃತ್ತಿಜೀವನದಲ್ಲಿ ಬೆರಳೆಣಿಕೆಯಷ್ಟೇ ಸಿಗುತ್ತಾರೆ. ಹಾವೇರಿಯ ಒಬ್ಬನ, ಗದಗಿನ ಇನ್ನೊಬ್ಬನ ವಿವರಗಳು ಒಂದೇ ಕಡೆ, ಒಂದೇ ಕ್ರಮದಲ್ಲಿ ದಾಖಲಾದಾಗ ಮಾತ್ರ ರೋಗದ ನಡೆ ಗೊತ್ತಾಗುತ್ತದೆ.

ಘಟಕದಲ್ಲಿ ನಡೆಯುವುದು ಬಹುಮಟ್ಟಿಗೆ ತಾಳ್ಮೆಯ ಕೆಲಸ. ಸ್ಲಿಟ್ ಲ್ಯಾಂಪ್ ಎಂಬ, ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದಡಿ ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಬಣ್ಣದ ಉಂಗುರವಿದೆಯೇ ಎಂದು ಹುಡುಕುತ್ತಾರೆ. ಅದು ಅಲ್ಲಿ ಇಳಿದು ನಿಂತ ತಾಮ್ರ. 24 ಗಂಟೆಗಳ ಮೂತ್ರವನ್ನು ಹನಿ ಬಿಡದೆ ಸಂಗ್ರಹಿಸಿ ತಾಮ್ರ ಅಳೆಯುತ್ತಾರೆ, ಒಂದೇ ವಾಕ್ಯವನ್ನು ಪ್ರತಿ ಭೇಟಿಯಲ್ಲಿಯೂ ಬರೆಯಿಸಿ ಹೋಲಿಸಬಹುದು. ಸಂಶೋಧನೆಗೆ ಸೇರಿಸಿಕೊಳ್ಳುವುದಾದರೆ ಮೊದಲು ಎಲ್ಲವನ್ನೂ ಕನ್ನಡದಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಒಲ್ಲೆನೆಂದವರಿಗೂ ಚಿಕಿತ್ಸೆ ತಪ್ಪಬಾರದು.

ನಮ್ಮಲ್ಲಿ ಹೆಚ್ಚು ಹೊತ್ತು ಹಿಡಿಯುವುದು ವಂಶವೃಕ್ಷ ಬರೆಯುವ ಕೆಲಸ. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಮಗನಿಗೆ ಕೊಡುವ ಮನೆತನಗಳಲ್ಲಿ ಗೆರೆಗಳು ಮತ್ತೆ ಮತ್ತೆ ಒಂದನ್ನೊಂದು ಕೂಡುತ್ತವೆ. ತಂದೆ ತಾಯಿ ಇಬ್ಬರಲ್ಲಿಯೂ ದೋಷದ ಜೀನ್ ಇದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ 4ರಲ್ಲಿ 1. ಆದ್ದರಿಂದ ಆರೋಗ್ಯವಾಗಿ ಕಾಣುವ ಒಡಹುಟ್ಟಿದವರನ್ನೂ ಪರೀಕ್ಷಿಸಲೇಬೇಕು, ಏಕೆಂದರೆ ಲಕ್ಷಣ ತೋರುವ ಮೊದಲೇ ಮದ್ದು ಆರಂಭಿಸಿದರೆ ಮಿದುಳು ಉಳಿಯುತ್ತದೆ.

ತಾಮ್ರದ ತಂಬಿಗೆಯ ನೀರು ಕುಡಿದು ಇದು ಬಂತೇ ಎಂದು ಕೇಳುವವರಿದ್ದಾರೆ. ಇಲ್ಲ, ಇದು ಹುಟ್ಟಿನಿಂದ ಬಂದದ್ದು. ಆದರೆ ರೋಗಿ ಆ ತಂಬಿಗೆಯನ್ನೂ, ಚಿಕಿತ್ಸೆಯ ಆರಂಭದಲ್ಲಿ ತಾಮ್ರ ಹೆಚ್ಚಿರುವ ಶೇಂಗಾವನ್ನೂ ಬಿಡಬೇಕಾಗುತ್ತದೆ. ಗುಳಿಗೆಯನ್ನಂತೂ ಜೀವನವಿಡೀ ನಿಲ್ಲಿಸುವಂತಿಲ್ಲ. ನಮ್ಮ ಕಡೆಯ ಹುಡುಗನಿಗೆ ಗುಳಿಗೆ ನುಂಗಿಸುವುದಕ್ಕಿಂತ, ರೊಟ್ಟಿಯ ಜೊತೆ ಶೇಂಗಾ ಚಟ್ನಿ ಬೇಡವೆಂದು ಒಪ್ಪಿಸುವುದೇ ಕಷ್ಟ.